ಹೆಸರು ಸರಿ ಇದೆ, ನಿಯಮ ತಪ್ಪು

ನನ್ನ ಪದವಿ ಪ್ರಮಾಣಪತ್ರದಲ್ಲಿ ನನ್ನ ಹೆಸರು ಎರಡು ಸಲ ಅಚ್ಚಾಗಿದೆ. ಒಂದರ ಪಕ್ಕ ಇನ್ನೊಂದು, ನಡುವೆ ಸ್ವಲ್ಪ ಜಾಗ. ನೋಡಿದವರು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ತಪ್ಪೇನಲ್ಲ. ಪರೀಕ್ಷೆಯ ಅರ್ಜಿ ತುಂಬುವಾಗ ಕಂಪ್ಯೂಟರ್ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳಿತು. ನನಗೆ ಅಡ್ಡಹೆಸರು ಇಲ್ಲ. ಆ ಜಾಗ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗಲಿಲ್ಲ. ಕಾಲೇಜಿನ ಗುಮಾಸ್ತರು, "ಇದ್ದದ್ದನ್ನೇ ಇನ್ನೊಮ್ಮಿ ಹಾಕವಾ, ಏನಾಗ್ತದ?" ಅಂದರು. ಆದದ್ದು ಇದು.

ಅಡ್ಡಹೆಸರು ಇಲ್ಲದಿರುವುದು ಮರೆವಿನಿಂದ ಆದದ್ದಲ್ಲ. ಅಪ್ಪ ಬೇಕೆಂದೇ ಮಾಡಿದ್ದು. ನಮ್ಮದು ಮೂಲತಃ ನೆಲೋಗಿ. ಅಜ್ಜ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಅಪ್ಪ ಲೈನ್‌ಮನ್ ಆಗಿ ಕರೆಂಟಿನ ಕಂಬ ಹತ್ತತೊಡಗಿದ ಮೇಲೆ ಮನೆ ಜೇವರ್ಗಿಗೆ ಬಂತು. ಬುದ್ಧನನ್ನು ಒಪ್ಪಿಕೊಂಡ ಮನೆ ನಮ್ಮದು. ನನ್ನನ್ನು ಶಾಲೆಗೆ ಸೇರಿಸಲು ಹೋದ ದಿನ ಹೆಡ್‌ಮಾಸ್ತರರು ಅಡ್ಡಹೆಸರು ಕೇಳಿದರಂತೆ.

"ಇಲ್ರಿ ಸರ. ಬರೇ ಹೆಸರು ಬರ್ಕೊಳ್ರಿ," ಅಂದರಂತೆ ಅಪ್ಪ.

"ಹಂಗ ಹ್ಯಾಂಗ ಆಗ್ತದ? ಎಲ್ಲಾರಿಗೂ ಇರ್ತದಲ್ಲ."

"ನಮಗೂ ಇತ್ರಿ. ಅದನ್ನ ಕೇಳಿದ ಕೂಡ್ಲೆ ಇವ್ರನ್ನ ಎಲ್ಲಿ ಕೂಡಿಸ್ಬೇಕು ಅಂತ ಮಂದಿ ಲೆಕ್ಕಾ ಹಾಕ್ತಿದ್ರು. ಅದಕ್ಕ ಬಿಟ್ಟುಬಿಟ್ಟೀವಿ."

ಹೆಡ್‌ಮಾಸ್ತರರು ಬರೇ ಹೆಸರನ್ನೇ ಬರೆದುಕೊಂಡರು. ಶಾಲೆಯ ದಾಖಲೆಯಲ್ಲಿ ನಾನು ಒಂದೇ ಪದದ ಹುಡುಗಿಯಾಗಿ ಉಳಿದೆ. ಮನುಷ್ಯರು ಬರೆದುಕೊಳ್ಳುವವರೆಗೂ ತೊಂದರೆ ಇರಲಿಲ್ಲ. ಬರೆದುಕೊಳ್ಳುವ ಕೆಲಸ ಕಂಪ್ಯೂಟರಿಗೆ ಹೋದ ಮೇಲೆ ತಕರಾರು ಶುರುವಾಯಿತು. ಮುಂದೆ ನನಗೆ ಸಿಕ್ಕಿದ್ದೂ ಅಂಥ ಕಂಪ್ಯೂಟರುಗಳ ಕೆಲಸವೇ.

ಕಲಬುರಗಿಯ ಒಂದು ಸಣ್ಣ ಕಂಪನಿಯಲ್ಲಿ ನಾನು ಟೆಸ್ಟರ್. ಅಂಗಡಿ, ಸಂಘ, ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕಂಪನಿ ಅದು. ಬೇರೆಯವರು ಬರೆದದ್ದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಿ, ಪಾಸ್ ಅಥವಾ ಫೇಲ್ ಎಂದು ಗುರುತು ಹಾಕುವುದು ನನ್ನ ಕೆಲಸ. ಕೆಲವು ದಿನ ಬಸ್ಸಿನಲ್ಲಿ ಕಲಬುರಗಿಗೆ ಹೋಗುತ್ತೇನೆ, ಉಳಿದ ದಿನ ಜೇವರ್ಗಿಯ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂಡುತ್ತೇನೆ.

ಆ ವರ್ಷ ತೊಗರಿ ರಾಶಿಯ ಹೊತ್ತಿಗೆ ನಮಗೆ ಒಂದು ಹೊಸ ಕೆಲಸ ಬಂತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹೆಂಗಸರು ಸೇರಿ ತೊಗರಿಬೇಳೆ ಮಾಡಿ ಮಾರುವ ಒಂದು ಸಂಘ. ಸದಸ್ಯರು ಫೋನಿನಲ್ಲೇ ಹೆಸರು ನೋಂದಾಯಿಸುವ ಹಾಗೆ ವೆಬ್‌ಸೈಟ್ ಬೇಕಿತ್ತು. ನನಗೆ ಪರೀಕ್ಷೆಗೆಂದು ಮೊದಲು ಕೊಟ್ಟದ್ದು ಇಂಗ್ಲಿಷಿನ ಭಾಗ. ಅದು ಚೆನ್ನಾಗಿಯೇ ನಡೆಯಿತು. ಕನ್ನಡದ ಭಾಗ ನನ್ನ ಕೈಗೆ ಬರುವ ಮೊದಲೇ ನಮ್ಮ ಮ್ಯಾನೇಜರ್ ಸಾಹೇಬರು, "ಒಂದು ಊರಾಗ ಹೋಗಿ ಚಾಲೂ ಮಾಡಿ ನೋಡೂಣು, ಹೋಗಿ ಬರ್ರಿ ಮೇಡಂ," ಎಂದು ನನ್ನನ್ನು ಆಳಂದ ತಾಲ್ಲೂಕಿನ ನಿಂಬರ್ಗಾಕ್ಕೆ ಕಳಿಸಿದರು.

ಸಮುದಾಯ ಭವನದ ಕಟ್ಟೆಯ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು ಕೂತೆ. ಹೆಂಗಸರು ಹೊಲದಿಂದ ಹಾಗೆಯೇ ಬಂದಿದ್ದರು. ಸೀರೆಯ ಅಂಚಿಗೆ ತೊಗರಿಯ ಹೊಟ್ಟು ಅಂಟಿತ್ತು. ಮೊದಲನೆಯವಳ ಹೆಸರನ್ನು ಕನ್ನಡದಲ್ಲಿ ಹಾಕಿದೆ. "ಸರಿಯಾದ ಹೆಸರು ಬರೆಯಿರಿ" ಎಂದು ಕೆಂಪಕ್ಷರ ಬಂತು. ಎರಡನೆಯವಳದ್ದೂ ಹಾಗೇ. ಸಾಹೇಬರಿಗೆ ಫೋನ್ ಮಾಡಿದೆ. "ಇಂಗ್ಲಿಷಿನಾಗ ಹಾಕ್ರಿ, ಹೋಗ್ತದ," ಅಂದರು. ಹೋಯಿತು. ಹೆಂಗಸರು ತಮ್ಮ ಹೆಸರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಒತ್ತಿದೆ, ಒಬ್ಬೊಬ್ಬರಾಗಿ ಎದ್ದು ಹೋದರು.

ಆಮೇಲೆ ಒಬ್ಬಾಕೆ ಬಂದು ಕೂತಳು. ಆ ಊರಿನ ಕೂಲಿ ಹೆಂಗಸರ ಗುಂಪಿಗೆ ಮುಂದಾಳು. ಯಾರ ಹೊಲಕ್ಕೆ ಎಷ್ಟು ಜನ, ಎಷ್ಟು ಹೊತ್ತಿಗೆ ಹೋಗಬೇಕು ಎಂದು ಮಾತಾಡಿಕೊಳ್ಳುವವಳು ಆಕೆಯೇ. ಟ್ಯಾಬ್ಲೆಟನ್ನು ನನ್ನ ಕೈಯಿಂದ ತಗೊಂಡಳು.

"ನಂದು ನಾ ಬರಿತೇನಿ. ಹೋದ ವರ್ಷ ಸಂಘದಾಗ ಕಲ್ತೇನಿ."

ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಕನ್ನಡದಲ್ಲಿ ಹೆಸರು ಬರೆದಳು. ಗುಂಡಿ ಒತ್ತಿದಳು. ಕೆಂಪಕ್ಷರ.

"ಏನಂತದಿದು?"

"ಸರಿಯಾದ ಹೆಸರು ಬರಿ ಅಂತದ ಅಕ್ಕಾ."

"ಮತ್ತ ಇದು ಯಾರ ಹೆಸರು?"

ಇಂಗ್ಲಿಷಿನಲ್ಲಿ ಹಾಕಿ ನೋಡುತ್ತೇನೆ ಅಂದೆ. ಒಲ್ಲದ ಮನಸ್ಸಿನಿಂದ ಕೊಟ್ಟಳು. ಹಾಕಿದೆ, ಮತ್ತೆ ಕೆಂಪಕ್ಷರ. ಆಕೆಯದೂ ಒಂದೇ ಪದದ ಹೆಸರು. ನಿಯಮಕ್ಕೆ ಎರಡು ಪದ ಬೇಕಿತ್ತು.

"ಗಂಡನ ಹೆಸರು ಜೋಡಿಸಿದ್ರ ಹೋಗ್ತದ ಅಕ್ಕಾ," ಅಂದೆ.

ಆಕೆ ನನ್ನ ಮುಖವನ್ನು ನೇರವಾಗಿ ನೋಡಿದಳು. "ಅಂವ ನನ್ನ ಬಿಟ್ಟು ಹೋಗಿ ಮಕ್ಳು ದೊಡ್ಡೋರಾಗ್ಯಾರ. ದುಡ್ಯಾಕಿ ನಾನು, ತೊಗರಿ ನಂದು. ಅವನ ಹೆಸರು ನಾ ಯಾಕ ಹೊರಬೇಕ್ ಬೇ?"

"ಅಪ್ಪನ ಹೆಸರರ ಹಾಕ್ಲಾ?"

"ಅಂವ ಸತ್ತು ಹೋಗ್ಯಾನ. ಅಂವಗ ಸದಸ್ಯ ಮಾಡ್ಕೋತೀರೇನು?"

ಸುತ್ತ ಕೂತಿದ್ದವರು ನಕ್ಕರು. ಆಕೆ ನಗಲಿಲ್ಲ. ನಾನು ಮತ್ತೆ ಸಾಹೇಬರಿಗೆ ಫೋನ್ ಹಚ್ಚಿದೆ.

"ಒಂದು ಚುಕ್ಕಿ ಹಾಕ್ರಿ ಮೇಡಂ," ಅಂದರು. ಚುಕ್ಕಿಯನ್ನೂ ಅದು ಒಪ್ಪಲಿಲ್ಲ. "ಹಂಗಾರ ಹೆಸರಿನ ಮುಂದ ಬಾಯಿ ಅಂತ ಸೇರಸ್ರಿ. ಎಲ್ಲಾರೂ ಅಡ್ಜಸ್ಟ್ ಮಾಡ್ಕೋತಾರ, ಆಕಿಗೇನು ಧಾಡಿ?"

ಧ್ವನಿ ಜೋರಾಗಿತ್ತು. ಆಕೆಗೆ ಕೇಳಿಸಿತು. ಎದ್ದು ನಿಂತು ಸೆರಗು ಕೊಡವಿದಳು. "ನನ್ನ ಹೆಸರು ತಗೊಳ್ಳುವಂಗಾದಾಗ ಬರ್ರಿ," ಎಂದು ಕಟ್ಟೆ ಇಳಿದು ಹೋದಳು.

ಆಳಂದಕ್ಕೆ ಬಂದು, ಅಲ್ಲಿಂದ ಕಲಬುರಗಿಗೆ, ಕಲಬುರಗಿಯಿಂದ ಜೇವರ್ಗಿಗೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಸಿಟ್ಟು ಬಂದಿತ್ತು. ಆಕೆಯ ಮೇಲಲ್ಲ. "ಎಲ್ಲಾರೂ ಅಡ್ಜಸ್ಟ್ ಮಾಡ್ಕೋತಾರ" ಅನ್ನುವ ಮಾತಿನ ಮೇಲೆ. ಎಲ್ಲರೂ ಅಂದರೆ ನಾನು. ನನ್ನ ಹೆಸರನ್ನು ನಾನೇ ಎರಡು ಸಲ ಒತ್ತಿದ ದಿನ ನೆನಪಾಯಿತು. ಆಫೀಸಿನಲ್ಲಿ ಕೆಲವರು ತಮಾಷೆಗೆ ನನ್ನನ್ನು ಹಾಗೆ ಎರಡೆರಡು ಸಲ ಕರೆಯುತ್ತಿದ್ದರು. ನಾನೂ ನಗುತ್ತಿದ್ದೆ. ಇನ್ನು ನಗುವುದಿಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಚಹಾ ಕುಡಿದವಳೇ ಕೂತೆ. ವೆಬ್‌ಸೈಟಿನೊಳಗೆ ಹೆಸರನ್ನು ತಡೆಯುತ್ತಿದ್ದ ಸಾಲನ್ನು ಹುಡುಕಿ ತೆಗೆದೆ. ಅಂಥ ಸಾಲಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನುತ್ತಾರೆ, ನಮ್ಮ ಬಾಯಲ್ಲಿ ರೆಜೆಕ್ಸ್. ಯಾವ ಅಕ್ಷರ ಬರಬಹುದು, ಯಾವುದರ ನಂತರ ಯಾವುದು ಬರಬೇಕು ಎಂದು ಚಿಹ್ನೆಗಳಲ್ಲಿ ಬರೆದ ನಿಯಮ. ಅದನ್ನು ಪರೀಕ್ಷಿಸಲು ಬ್ರೌಸರಿನಲ್ಲಿ ತೆರೆಯುವ ಪುಟಗಳಿವೆ. ಮೇಲಿನ ಪಟ್ಟಿಯಲ್ಲಿ ನಿಯಮ ಹಾಕಬೇಕು, ಕೆಳಗಿನ ಚೌಕದಲ್ಲಿ ಪದಗಳನ್ನು ಬರೆಯಬೇಕು. ನಿಯಮಕ್ಕೆ ಹೊಂದಿದ ಅಕ್ಷರಗಳಿಗೆ ಬಣ್ಣ ಬರುತ್ತದೆ, ಹೊಂದದ್ದು ಬಿಳಿಯಾಗಿಯೇ ಉಳಿಯುತ್ತದೆ.

ಇಂಗ್ಲಿಷಿನ ಭಾಗ ಬಿಟ್ಟು ಕನ್ನಡದ್ದಷ್ಟೇ ಪಟ್ಟಿಗೆ ಹಾಕಿದೆ. [ಅ-ಹ]. ಅ ದಿಂದ ಹ ವರೆಗಿನ ಯಾವ ಅಕ್ಷರವಾದರೂ ಆಗಬಹುದು ಎಂದು ಅರ್ಥ. ಕೆಳಗೆ ಮೊದಲು ನಮ್ಮೂರ ಹೆಸರನ್ನೇ ಬರೆದೆ, ನೆಲೋಗಿ. ನ, ಲ, ಗ ಇಷ್ಟಕ್ಕೆ ಬಣ್ಣ ಬಂತು. ಆ ಅಕ್ಷರಗಳ ಮೇಲಿನ ಎತ್ವ, ಓತ್ವ, ಗುಡಿಸು ಯಾವುದಕ್ಕೂ ಇಲ್ಲ. ಆಳಂದ ಬರೆದೆ. ನಡುವಿನ ಸೊನ್ನೆ ಬಿಳಿ. ನಿಂಬರ್ಗಾ ಬರೆದೆ. ಗುಡಿಸು, ಸೊನ್ನೆ, ರ ವನ್ನು ಅರ್ಧ ಮಾಡುವ ಗುರುತು, ಗಾ ದ ದೀರ್ಘ ಎಲ್ಲ ಹೊರಗೆ. ನಾವು ಒಂದೇ ಅಕ್ಷರವೆಂದು ಓದುವ ಗಾ ಕಂಪ್ಯೂಟರಿಗೆ ಎರಡು, ಗ ಮತ್ತು ಅದರ ದೀರ್ಘ. ನಿಯಮ ಬರೆದವನು ಅಕ್ಷರಗಳನ್ನು ಒಳಗೆ ಕರೆದು ಅವುಗಳ ಚಿಹ್ನೆಗಳನ್ನೆಲ್ಲ ಹೊರಗೆ ನಿಲ್ಲಿಸಿದ್ದ. ಅಷ್ಟರಲ್ಲೇ ಇಡೀ ಕನ್ನಡ ಬರೆಯಬಹುದು ಅಂದುಕೊಂಡಿದ್ದನೇನೋ.

ಅಪ್ಪ ಪಕ್ಕದಲ್ಲಿ ಬಂದು ಕೂತರು. ನಿವೃತ್ತಿಯಾದ ಮೇಲೆ ನನ್ನ ಕೆಲಸ ನೋಡುವುದು ಅವರಿಗೆ ಒಂದು ಹವ್ಯಾಸ.

"ಏನ್ ಹುಡುಕಾಕತ್ತಿ ಬೇ?"

"ಲೈನ್ ಎಲ್ಲಿ ಕಟ್ ಆಗ್ಯಾದ ನೋಡಾಕತ್ತೇನಿ ಅಪ್ಪಾ."

"ಒಂದೊಂದ ಕಂಬ ನೋಡ್ಕೋತ ಹೋಗು. ಒಮ್ಮಿಗೇ ಎಲ್ಲಾ ಬಿಚ್ಚಬ್ಯಾಡ," ಅಂದರು.

ನಿಂಬರ್ಗಾದ ಕಥೆ ಹೇಳಿದೆ. ಅಪ್ಪ ತಾವು ಕರೆಂಟು ಕೊಟ್ಟ ಮನೆಗಳ ಜನರನ್ನು ನೆನಪಿಸಿಕೊಂಡು ಒಂದೊಂದೇ ಹೆಸರು ಹೇಳತೊಡಗಿದರು. ಒತ್ತಿನ ಕೆಳಗೆ ಒತ್ತು ಇದ್ದ ಹೆಸರು, ಮೊದಲಲ್ಲಿ ಒಂದೇ ಅಕ್ಷರ ಬರೆದು ಚುಕ್ಕಿ ಇಟ್ಟ ಹೆಸರು, ಮರಾಠಿಯಿಂದ ಬಂದ ಹೆಸರು. ನಾನು ಅವನ್ನೆಲ್ಲ ಕೆಳಗಿನ ಚೌಕಕ್ಕೆ ಹಾಕುತ್ತ ಹೋದೆ. ನಿಯಮಕ್ಕೆ ಕಾಗುಣಿತದ ಚಿಹ್ನೆಗಳನ್ನು ಸೇರಿಸಿದೆ. ಅರ್ಧ ಚೌಕಕ್ಕೆ ಬಣ್ಣ ಬಂತು. ಸೊನ್ನೆ ಸೇರಿಸಿದೆ. ಇನ್ನಷ್ಟು ಬಂತು. ಬಣ್ಣ ಬಂದಾಗೆಲ್ಲ ಅಪ್ಪ "ಹತ್ತಿತು" ಅನ್ನುತ್ತಿದ್ದರು, ಬಲ್ಬು ಹತ್ತಿದಾಗ ಅನ್ನುವ ಹಾಗೆ.

ಆಫೀಸಿನಲ್ಲಿ ನನ್ನ ಜೊತೆ ಇನ್ನೊಬ್ಬಳು ಟೆಸ್ಟರ್ ಇದ್ದಾಳೆ. ಅಫಜಲಪುರದವಳು, ಮನೆಯಲ್ಲಿ ಉರ್ದು. ಅವಳಿಗೆ ಫೋನ್ ಮಾಡಿ ಅವಳ ಹೆಸರನ್ನು ಕನ್ನಡದಲ್ಲಿ ಬರೆದು ಕಳಿಸಲು ಹೇಳಿದೆ. ಉರ್ದುವಿನ ಉಚ್ಚಾರಕ್ಕಾಗಿ ಅವಳು ಜ ದ ಕೆಳಗೆ ಚುಕ್ಕಿಗಳನ್ನಿಟ್ಟು ಬರೆಯುತ್ತಾಳೆ. ಆ ಚುಕ್ಕಿಗಳು ನಾನು ಸೇರಿಸಿದ್ದ ಚಿಹ್ನೆಗಳಲ್ಲಿ ಇರಲಿಲ್ಲ. ಅವಳ ಹೆಸರು ನಡುವೆ ತುಂಡಾಯಿತು.

"ಚುಕ್ಕಿ ತಗದು ಕಳಸ್ಲೇನು?" ಅಂದಳು.

"ಬ್ಯಾಡ. ನಿನ್ನ ಹೆಸರ ಮುಟ್ಟಬ್ಯಾಡ. ನಿಯಮ ನಾ ತಿದ್ದತೇನಿ."

ಒಂದೊಂದೇ ಚಿಹ್ನೆ ಸೇರಿಸುತ್ತ ಕೂತರೆ ಯಾರಾದರೊಬ್ಬರು ಹೊರಗೆ ಉಳಿದೇ ಉಳಿಯುತ್ತಾರೆ ಅನ್ನುವುದು ಆಗ ಗೊತ್ತಾಯಿತು. ಇದ್ದದ್ದನ್ನು ಪೂರ್ತಿ ಅಳಿಸಿ, ಯಾವ ಭಾಷೆಯ ಅಕ್ಷರವಾದರೂ ಸರಿ, ಅದರ ಯಾವ ಚಿಹ್ನೆಯಾದರೂ ಸರಿ, ನಡುವಿನ ಚುಕ್ಕಿಯೂ ಸರಿ ಎಂದು ಹೇಳುವ ಹೊಸ ನಿಯಮ ಬರೆದೆ. ಎರಡನೇ ಪದ ಬೇಕೇ ಬೇಕು ಅನ್ನುವ ಭಾಗವನ್ನು, ಇದ್ದರೆ ಇರಲಿ ಎಂದು ಬದಲಿಸಿದೆ. ಈಗ ಹೆಸರು ಪೂರ್ತಿ ಹೊಂದಿದರಷ್ಟೇ ಬಣ್ಣ. ಚೌಕದಲ್ಲಿದ್ದ ಹೆಸರುಗಳೆಲ್ಲ ಒಮ್ಮೆಗೇ ಬಣ್ಣ ತುಂಬಿಕೊಂಡವು.

ಕೊನೆಗೆ ನಿಂಬರ್ಗಾದ ಆಕೆಯ ಹೆಸರು. ನಾನೇ ಬರೆದೆ, ಬಣ್ಣ ಬಂತು. ಆದರೂ ಸಮಾಧಾನವಾಗಲಿಲ್ಲ. ಸಂಘದವರಿಂದ ಆಕೆಯ ನಂಬರ್ ತಗೊಂಡು, ನಿಮ್ಮ ಫೋನಿನಲ್ಲಿ ನೀವೇ ಬರೆದು ಮೆಸೇಜ್ ಕಳಿಸಿ ಎಂದು ಕೇಳಿದೆ. ಮಧ್ಯಾಹ್ನ ಬಂತು. ಅದನ್ನೇ ಎತ್ತಿ ಚೌಕದಲ್ಲಿಟ್ಟೆ. ಬಿಳಿ!

ಒಂದರ ಕೆಳಗೆ ಒಂದು ಅದೇ ಹೆಸರು. ನಾನು ಬರೆದದ್ದಕ್ಕೆ ಬಣ್ಣ ಇದೆ, ಆಕೆ ಬರೆದದ್ದಕ್ಕೆ ಇಲ್ಲ. ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಊಟಕ್ಕೆ ಅಪ್ಪ ಕರೆದರೂ ಏಳಲಿಲ್ಲ. ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂದೆ. ನಡುವೆ ಒಂದು ಕಡೆ ಕೀಲಿ ಒತ್ತಿದರೆ ಏನೂ ಅಳಿಯಲಿಲ್ಲ, ಆದರೆ ತಟ್ಟನೆ ಬಣ್ಣ ಬಂತು. ಕಣ್ಣಿಗೆ ಕಾಣದ ಏನೋ ಅಲ್ಲಿತ್ತು. ಒತ್ತಕ್ಷರ ಹೇಗೆ ಕೂಡಬೇಕೆಂದು ತಿಳಿಸಲು ಕೆಲವು ಫೋನಿನ ಕೀಲಿಮಣೆಗಳು ಅಕ್ಷರಗಳ ನಡುವೆ ಕಾಣದ ಒಂದು ಗುರುತು ಸೇರಿಸುತ್ತವೆ. ಆಕೆ ಮಾಡಿದ ತಪ್ಪು ಏನೂ ಇರಲಿಲ್ಲ. ತನ್ನ ಹೆಸರನ್ನು ತನ್ನ ಫೋನಿನಲ್ಲಿ ಬರೆದಿದ್ದಳು, ಅಷ್ಟೆ. ಆ ಗುರುತಿಗೂ ನಿಯಮದಲ್ಲಿ ಜಾಗ ಮಾಡಿದೆ. ಆಕೆಯ ಹೆಸರು ಈ ತುದಿಯಿಂದ ಆ ತುದಿಯವರೆಗೆ ತುಂಬಿಕೊಂಡಿತು.

"ಹತ್ತಿತು," ಅಂದರು ಅಪ್ಪ ಬಾಗಿಲಲ್ಲಿ ನಿಂತು. "ಈಗರ ಉಣ್ಣು ಬಾ."

ಮರುದಿನ ಕಲಬುರಗಿಗೆ ಹೋಗಿ ಸಾಹೇಬರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ಸಂಬಳ ತಡ ಮಾಡಿದವರಲ್ಲ, ಮನೆಯಿಂದ ಕೆಲಸ ಮಾಡಲು ಬಿಟ್ಟವರೂ ಅವರೇ. ಪುಟವನ್ನು ನೋಡಿ, "ಕನ್ನಡದ್ದು ಛಲೋ ಮಾಡೀರಿ, ಹಾಕೂಣು. ಆದ್ರ ಅಡ್ಡಹೆಸರಿಂದು ತಗೀಬ್ಯಾಡ್ರಿ," ಅಂದರು.

"ಯಾಕ್ರಿ ಸರ?"

"ನಾಳಿ ಇದನ್ನ ಬ್ಯಾರೆ ಸೈಟಿಗೆ ಜೋಡಸಬೇಕಾಗ್ತದ. ಅಲ್ಲೆಲ್ಲಾ ಎರಡು ಹೆಸರು ಕೇಳ್ತಾರ. ನಾವು ಒಬ್ರೇ ಶಾಣ್ಯಾರಾಗೂದು ಬ್ಯಾಡ."

"ಅಲ್ಲಿ ಕೇಳಿದ್ರ ಅಲ್ಲಿ ಜಗಳಾ ಮಾಡೂಣ್ರಿ. ಇದು ನಮ್ಮ ಕೈಯಾಗ ಅದ."

"ಮೇಡಂ, ಪಾಸ್ ಅಂತ ಹಾಕಿ ಕಳಸ್ರಿ. ಸುಮ್ನ ಜಗ್ಗಬ್ಯಾಡ್ರಿ."

ಫೇಲ್ ಎಂದು ಹಾಕಿದೆ. ಕಾರಣ ಬರೆಯುವ ಜಾಗದಲ್ಲಿ, ಹೆಸರು ಸರಿ ಇದೆ, ನಿಯಮ ತಪ್ಪು, ಎಂದು ಬರೆದೆ. ಟೆಸ್ಟರ್ ಪಾಸ್ ಅನ್ನದೆ ಯಾವುದನ್ನೂ ಬಿಡುಗಡೆ ಮಾಡಬಾರದೆಂಬುದು ಸಾಹೇಬರೇ ಮಾಡಿದ ಕಾನೂನು. ಅವರ ಮುಖ ಕೆಂಪಾಯಿತು.

"ನೀವಲ್ಲಂದ್ರ ಇನ್ನೊಬ್ರ ಕಡಿಂದ ಮಾಡಸ್ತೇನಿ," ಎಂದು ಕೆಲಸವನ್ನು ಅಫಜಲಪುರದವಳಿಗೆ ಕೊಟ್ಟರು.

ನಾನು ಅವಳನ್ನು ಏನೂ ಕೇಳಲಿಲ್ಲ. ಅವಳ ಮನೆಯ ಕಷ್ಟ ನನಗೆ ಗೊತ್ತು, ಕೆಲಸ ಹೋದರೆ ಅವಳಿಗೆ ಕಷ್ಟ. ನನ್ನ ಕಡೆ ನೋಡದೆ ಅವಳು ಸಂಜೆಯವರೆಗೆ ಕೂತು ಪರೀಕ್ಷೆ ಮಾಡಿದಳು. ಹೊರಡುವ ಮೊದಲು ಗುರುತು ಹಾಕಿದಳು. ಫೇಲ್. ಕಾರಣದ ಜಾಗದಲ್ಲಿ, ಮೇಲಿನಂತೆ, ಅಂತ ಎರಡೇ ಪದ. ಚೀಲ ಹೆಗಲಿಗೆ ಹಾಕಿಕೊಂಡು, "ಚಲೋ, ಬಸ್ ತಪ್ತದ," ಎಂದು ನನ್ನನ್ನು ಎಬ್ಬಿಸಿದಳು. ಬಸ್ ನಿಲ್ದಾಣದಲ್ಲಿ ಇಬ್ಬರೂ ಬಿಸಿ ಬಿಸಿ ಮಿರ್ಚಿ ಭಜಿ ತಿಂದೆವು.

ಕೆಲಸ ಅಲ್ಲಿಗೇ ನಿಂತಿತು. ಸಾಹೇಬರು ನಮ್ಮಿಬ್ಬರ ಜೊತೆ ಮಾತು ಬಿಟ್ಟರು. ಏನಿದ್ದರೂ ಚಹಾದ ಹುಡುಗನ ಕೈಲಿ ಹೇಳಿ ಕಳಿಸುತ್ತಿದ್ದರು. ಅಷ್ಟರಲ್ಲಿ ನಿಂಬರ್ಗಾದಲ್ಲಿ ಬೇರೆಯೇ ನಡೆದಿತ್ತು. ಮುಂದಾಳು ಹೆಂಗಸಿನ ಹೆಸರು ಒಳಗೆ ಹೋಗುವವರೆಗೆ ನಮ್ಮದೂ ಬೇಡ ಎಂದು ಅವಳ ಗುಂಪಿನವರು ಇಂಗ್ಲಿಷಿನಲ್ಲಿ ಕೊಟ್ಟಿದ್ದ ಹೆಸರುಗಳನ್ನು ತೆಗೆಸಿದ್ದರು. ಸಂಘದ ಅಧ್ಯಕ್ಷೆ ಆಫೀಸಿಗೆ ಫೋನ್ ಮಾಡಿದಳು. ಸಾಹೇಬರು ಬಾಗಿಲು ಹಾಕಿಕೊಂಡು ಮಾತಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ಮಂದೀನ್ನ ಎಬ್ಬಿಸಿಬಿಟ್ರಲ್ಲ ನೀವು."

"ನಾ ಎಬ್ಬಿಸಿಲ್ರಿ ಸರ. ಅವ್ರು ಎದ್ದೇ ಇದ್ರು."

ಅವರು ಪೆನ್ನನ್ನು ಮೇಜಿನ ಮೇಲೆ ಎಸೆದರು. "ಹಾಕ್ರಿ ನಿಮ್ಮ ನಿಯಮ. ನಾಳಿ ಏನರ ಆದ್ರ ಜವಾಬ್ದಾರಿ ನಿಮ್ದು."

"ನಂದೇ ಇರ್ಲಿ," ಅಂದೆ.

ಹೊಸ ನಿಯಮ ಹಾಕಿಸಿ, ಪಾಸ್ ಎಂದು ಗುರುತು ಮಾಡಿ, ಮತ್ತೆ ನಿಂಬರ್ಗಾಕ್ಕೆ ಹೋದೆ. ಮುಂದಾಳು ಹೆಂಗಸು ಅದೇ ಕಟ್ಟೆಯ ಮೇಲೆ ಕೂತಳು. ಟ್ಯಾಬ್ಲೆಟ್ ಬೇಡವೆಂದು ತನ್ನ ಫೋನನ್ನೇ ತೆಗೆದಳು. ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಬರೆದಳು, ಗುಂಡಿ ಒತ್ತಿದಳು. ಹಸಿರು ಗುರುತು ಬಂತು. ಕೆಳಗೆ ಅವಳ ಹೆಸರು, ಒಂದೇ ಪದ, ಅವಳು ಬರೆದ ಹಾಗೆಯೇ.

ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಫೋನನ್ನು ದೂರ ಹಿಡಿದು, ಹತ್ತಿರ ತಂದು ನೋಡಿದಳು. "ಇಷ್ಟಕ್ಕ ಇಷ್ಟು ದಿನ ಬೇಕಾತೇನ್ ಬೇ ನಿಮಗ?" ಅಂದಳು.

"ಹೌದಕ್ಕಾ, ಬೇಕಾತು."

"ಹೂಂ," ಎಂದು ಪಕ್ಕಕ್ಕೆ ಸರಿದು, ಉಳಿದವರನ್ನು ಕರೆದಳು. ಎಲ್ಲರೂ ತಮ್ಮ ತಮ್ಮ ಫೋನು ತಂದಿದ್ದರು. ಬರೆಯಲು ಬರುವವರು ಬರದವರಿಗೆ ಅಕ್ಷರ ತೋರಿಸಿದರು. ಒಬ್ಬಾಕೆ ಅಡ್ಡಹೆಸರು ಹಾಕಿದಳು, ಇನ್ನೊಬ್ಬಾಕೆ ತಾಯಿಯ ಹೆಸರನ್ನು ಸೇರಿಸಿದಳು, ನಾನು ಬೇಡ ಅನ್ನಲಿಲ್ಲ. ಅದು ಅವರವರ ಇಷ್ಟ. ಸಾಲು ಸುಲಭವಾಗಿ ಸಾಗುತ್ತಿತ್ತು.

ಆಗ ಒಬ್ಬ ಮುದುಕಿಯ ಫೋನಿನಲ್ಲಿ ಮತ್ತೆ ಕೆಂಪಕ್ಷರ ಬಂತು. ಎರಡೇ ಅಕ್ಷರದ ಪುಟ್ಟ ಹೆಸರು ಅವಳದು. ನೋಡಿದರೆ, ಹೆಸರು ಇಂತಿಷ್ಟು ಉದ್ದ ಇರಲೇಬೇಕೆಂದು ಬೇರೊಂದು ಕಡೆ ಇನ್ನೊಂದು ನಿಯಮ ಅಡಗಿತ್ತು. ಎರಡು ಪದ ಕಡ್ಡಾಯವಿದ್ದಾಗ ಅದು ಯಾರಿಗೂ ತಾಕಿರಲಿಲ್ಲ.

"ನಂದು ಸಣ್ಣದಾತೇನು?" ಅಂದಳು ಮುದುಕಿ.

"ಇಲ್ಲ ಆಯಿ, ನಿಮ್ಮದು ಬರೋಬ್ಬರಿ ಅದ. ಕೂಡ್ರಿ," ಅಂದೆ. ಕಟ್ಟೆಯ ಮೇಲಿಂದಲೇ ಸಾಹೇಬರಿಗೆ ಫೋನ್ ಹಚ್ಚಿದೆ. ರಿಂಗ್ ಆಗುತ್ತಲೇ ಇತ್ತು. ಎತ್ತುವವರೆಗೂ ಬಿಡಲಿಲ್ಲ.

"ಏನ್ ಮೇಡಂ, ಮತ್ತೇನು?"

"ಇನ್ನೊಂದು ಫೇಲ್ ಅದ ಸರ," ಅಂದೆ. "ಬರ್ಕೊಳ್ರಿ."